ಕೊಕ್ಕೆಯಕ್ಕನ ಜೋಡಿ

ಆಸ್ಪತ್ರೆಯ ಹಾಸಿಗೆ ಬಟ್ಟೆಯನ್ನು ಒಬ್ಬರೇ ಮಡಿಸಲು ಆಗುವುದಿಲ್ಲ. ಹಟಕ್ಕೆ ಬಿದ್ದು ಮಡಿಸಿದರೂ ಮೂಲೆಗೆ ಮೂಲೆ ಕೂಡುವುದಿಲ್ಲ, ನಡುವೆ ಹೊಟ್ಟೆ ಬರುತ್ತದೆ, ತುದಿ ನೆಲಕ್ಕೆ ತಾಗಿದರೆ ಮತ್ತೆ ಒಗೆಯುವುದಕ್ಕೇ ಹಾಕಬೇಕು. ಆದ್ದರಿಂದ ಆ ಲಾಂಡ್ರಿಯ ಮಡಿಸುವ ಕೋಣೆಯಲ್ಲಿ ಎಲ್ಲರಿಗೂ ಒಬ್ಬೊಬ್ಬ ಜೋಡಿ ಇದ್ದರು. ಜೋಡಿ ಇಲ್ಲದವಳು ಒಬ್ಬಳೇ. ಅವಳಿಗೆ ಗೋಡೆಯಲ್ಲಿ ಎರಡು ಕೊಕ್ಕೆಗಳಿದ್ದವು. ಬಟ್ಟೆಯ ಎರಡು ಮೂಲೆಗಳನ್ನು ಕೊಕ್ಕೆಗೆ ಸಿಕ್ಕಿಸಿ, ಉಳಿದೆರಡನ್ನು ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದು, ಬಿಗಿಯಾದ ಮೇಲೆ ಗೋಡೆಯತ್ತ ನಡೆದು ಬಂದು ಮಡಿಸುವಳು. ಹೀಗಾಗಿ ಅವಳಿಗೆ ಕೊಕ್ಕೆಯಕ್ಕ ಎಂಬ ಹೆಸರು ಬಿದ್ದಿತ್ತು. ಎದುರಿಗೆ ಬರೀ ಅಕ್ಕ, ಬೆನ್ನ ಹಿಂದೆ ಕೊಕ್ಕೆಯಕ್ಕ. ಬೆನ್ನ ಹಿಂದೆ ಆಡಿದ್ದು ಕೇಳಿಸದಷ್ಟು ದೊಡ್ಡ ಕೋಣೆಯೇನೂ ಅದಲ್ಲ. ಅವಳಿಗೆ ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಇದ್ದಳು.

ಆ ಕೊಕ್ಕೆಗಳು ಬಂದ ಕತೆ ಕೇಳಿದರೆ ಯಾರಿಗಾದರೂ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಅವಳು ಕೆಲಸಕ್ಕೆ ಸೇರಿದ ದಿನ ಉಳಿದವರಿಗೆಲ್ಲ ಆಗಲೇ ಜೋಡಿ ಆಗಿತ್ತು. ಆಗಿನ ಸೂಪರ್‌ವೈಸರ್, ಇನ್ನೊಬ್ಬರು ಬರುವ ತನಕ ಇರಲಿ ಎಂದು ಗೋಡೆಗೆ ಎರಡು ಕೊಕ್ಕೆ ಹೊಡೆಸಿಕೊಟ್ಟ. ಇನ್ನೊಬ್ಬರು ಬಂದರು, ಹೋದರು, ಮತ್ತೆ ಬಂದರು. ಇವಳನ್ನು ಯಾರೂ ಕರೆಯಲಿಲ್ಲ. ನನ್ನ ಜೊತೆ ಮಡಿಸುವುದು ಇವರಿಗೆ ಬೇಕಿಲ್ಲ ಎಂದು ಇವಳು ತಿಳಿದಳು. ಇವಳಿಗೆ ನಾವು ಬೇಕಿಲ್ಲ, ದೊಡ್ಡಸ್ತಿಕೆ ಜಾಸ್ತಿ ಎಂದು ಅವರು ತಿಳಿದರು. ಎರಡೂ ಕಡೆಯವರು ಬಾಯಿಗೆ ಬೀಗ ಹಾಕಿಕೊಂಡು ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ದುಡಿದರು. ಒಬ್ಬರು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳಲಿಲ್ಲ.

ಕೇಳುವ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಇರಲಿಲ್ಲ. ಚಿಕ್ಕವಳಿದ್ದಾಗ ಚಳಿ ಆಗುತ್ತಿದೆ ಎಂದರೆ, "ಯಾರಿಗೂ ಇಲ್ಲದ ಚಳಿ ನಿನಗೇನು?" ಎಂದು ಅಮ್ಮ ಕೇಳುವಳು. ಹೊಟ್ಟೆ ನೋವು ಎಂದರೆ, "ಯಾರಿಗೂ ಇಲ್ಲದ ನೋವು ನಿನಗೇನು?" ಅಮ್ಮ ಕೆಟ್ಟವಳಲ್ಲ. ಕೆಲಸದಲ್ಲಿ ಮುಳುಗಿದ್ದವಳು, ಮಗಳ ಹೊಟ್ಟೆ ನೋವಿಗೆ ಅವಳ ಹತ್ತಿರ ಪುರುಸೊತ್ತಿರಲಿಲ್ಲ, ಅಷ್ಟೇ. ಆದರೆ ಹುಡುಗಿ ಮಾತ್ರ ತನಗಾಗುವ ಚಳಿಯನ್ನು ಮೊದಲು ಪಕ್ಕದವರ ಮುಖದಲ್ಲಿ ಹುಡುಕಿ, ಅಲ್ಲಿ ಕಂಡರೆ ಮಾತ್ರ ನಂಬುವುದನ್ನು ಕಲಿತಳು. ದೊಡ್ಡವಳಾಗಿ ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿರುವಾಗ ನೋಡಲು ಪಕ್ಕದವರ ಮುಖವೂ ಇರಲಿಲ್ಲವಲ್ಲ, ಒಂದು ಥರ್ಮಾಮೀಟರ್ ಕೊಂಡು ಇಟ್ಟುಕೊಂಡಳು. ಮನಸ್ಸು ಕೆಟ್ಟಾಗಲೂ ಅದನ್ನೇ ಬಾಯಲ್ಲಿಟ್ಟುಕೊಂಡು ಮಂಚದ ಅಂಚಿನಲ್ಲಿ ಕೂರುವಳು. ಜ್ವರ ಇಲ್ಲ ಎಂದು ಅದು ತೋರಿಸಿದರೆ ಏನೂ ಆಗಿಲ್ಲ ಎಂದು ಎದ್ದು ಪಾತ್ರೆ ತೊಳೆಯುವಳು. ದುಃಖಕ್ಕೆ ಜ್ವರ ಬರುವುದಿಲ್ಲ ಎಂದು ಅವಳಿಗೆ ಯಾರು ಹೇಳಬೇಕಿತ್ತೋ.

ಇನ್ನು ಕೊಕ್ಕೆಗಳ ಕತೆ ಮುಗಿದದ್ದು ಹೀಗೆ. ಮಡಿಸುವ ಕೋಣೆಯ ಗೋಡೆ ಹಬೆಗೆ ನೆಂದು ನೆಂದು ಉದುರತೊಡಗಿ, ಕಂಪನಿಯವರು ಅದಕ್ಕೆ ಟೈಲ್ಸ್ ಹಾಕಿಸಿದರು. ಹೊಸ ಟೈಲ್ಸಿಗೆ ಮೊಳೆ ಹೊಡೆಯಕೂಡದು ಎಂದು ಈಗಿನ ಸೂಪರ್‌ವೈಸರ್ ಅಪ್ಪಣೆ ಮಾಡಿದ. ಅದೇ ವಾರ ರೇಡಿಯೋ ಎಂಬವಳ ಜೋಡಿ ಬಾಣಂತನಕ್ಕೆ ರಜೆಯ ಮೇಲೆ ಹೋಗಿದ್ದಳು. ಬಾಯಿ ಮುಚ್ಚುವುದೇ ಗೊತ್ತಿಲ್ಲದವಳಾದ್ದರಿಂದ ಆ ಹೆಂಗಸಿಗೆ ರೇಡಿಯೋ ಎಂಬ ಹೆಸರು. ಅತ್ತೆಯ ಮಂಡಿ ನೋವು, ಗಂಡನ ಗೊರಕೆ, ಪಕ್ಕದ ಮನೆಯ ಜಗಳ, ಎಲ್ಲವೂ ಅವಳ ಬಾಯಲ್ಲಿ ಬೆಳಗಿನಿಂದ ಸಂಜೆಯ ತನಕ ಪ್ರಸಾರ ಆಗುತ್ತಿದ್ದವು. ಸೂಪರ್‌ವೈಸರ್ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಹೋದ.

ಮೊದಲ ದಿನ ಅಧ್ವಾನ. ಕೊಕ್ಕೆಯಕ್ಕ ಗೋಡೆಯನ್ನು ಎಳೆದು ಅಭ್ಯಾಸ ಆದವಳು, ಎಳೆದ ರಭಸಕ್ಕೆ ರೇಡಿಯೋ ಎರಡು ಸಲ ಮುಗ್ಗರಿಸಿದಳು. ಮೂರನೆಯ ಸಲ ಬಟ್ಟೆ ಕೈತಪ್ಪಿ ನೆಲಕ್ಕೆ ಬಿತ್ತು. ಪಕ್ಕದಲ್ಲಿ, ಬಟ್ಟೆಯನ್ನು ಬಿಸಿ ಉರುಳೆಗಳ ನಡುವೆ ಹಾಯಿಸುವ ಇಸ್ತ್ರಿ ಯಂತ್ರದ ಮುಂದೆ ನಿಂತಿದ್ದ ದೊಡ್ಡಮ್ಮ ಇದನ್ನು ನೋಡುತ್ತಿದ್ದಳು. ಲಾಂಡ್ರಿಯಲ್ಲಿ ಎಲ್ಲರಿಗಿಂತ ಹಳಬಳು ಅವಳೇ, ಬಾಯಿಯೂ ಸ್ವಲ್ಪ ಖಾರ.

"ಅದು ಗೋಡೆ ಅಲ್ಲ ಕಣಮ್ಮ, ಮನುಷ್ಯಳು. ನೀನು ಎಳೆದಷ್ಟೂ ಗೋಡೆ ತಡ್ಕೊಳ್ಳುತ್ತೆ. ಅವಳು ಬೀಳ್ತಾಳೆ. ಸ್ವಲ್ಪ ಬಿಡು," ಎಂದಳು.

ಕೊಕ್ಕೆಯಕ್ಕನ ಮುಖ ಸಣ್ಣಗಾಯಿತು. ಆದರೆ ಬಿಟ್ಟಳು. ಎರಡು ದಿನದಲ್ಲಿ ಕೈಗಳಿಗೆ ಲೆಕ್ಕ ಹತ್ತಿತು. ಒಬ್ಬಳು ಎಳೆದರೆ ಇನ್ನೊಬ್ಬಳು ಸಡಿಲ ಬಿಡುವುದು, ಆಮೇಲೆ ಇಬ್ಬರೂ ನಡೆದು ಬಂದು ಮೂಲೆಗೆ ಮೂಲೆ ಕೂಡಿಸುವುದು. ಕೂಡಿಸುವಾಗ ಇಬ್ಬರ ಮುಖ ಒಂದು ಗೇಣು ದೂರದಲ್ಲಿ ಇರುತ್ತದೆ. ಗೋಡೆಗೆ ಮುಖ ಇರಲಿಲ್ಲ. ಈ ಜೋಡಿಗೆ ಇತ್ತು, ಅದರಲ್ಲಿ ಎರಡು ಕಣ್ಣುಗಳಿದ್ದವು, ಅವು ದಿನಕ್ಕೆ ನೂರಾರು ಸಲ ಹತ್ತಿರ ಬಂದು ನೋಡಿ ಹೋಗುತ್ತಿದ್ದವು. ಮೊದಮೊದಲು ಅವಳು ರೇಡಿಯೋಳ ಕಿವಿಯ ಓಲೆಯನ್ನೇ ನೋಡುತ್ತ ಮಡಿಸಿದಳು. ಸಂಜೆ ಮನೆಗೆ ಹೋಗುವಷ್ಟರಲ್ಲಿ, ಯಾರೋ ಇಡೀ ದಿನ ಬಾಗಿಲು ತಟ್ಟಿದ ಹಾಗೆ ಸುಸ್ತು.

ಹೀಗಿರುವಾಗ ಒಂದು ದಿನ ಕೆಲಸದ ನಡುವೆಯೇ ಅಣ್ಣನ ಫೋನ್ ಬಂತು, ಎತ್ತಿಕೊಂಡು ಹೊರಗೆ ಹೋದಳು.

ಅತ್ತಿಗೆ ಸ್ನಾನದ ಕೋಣೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಅಣ್ಣನಿಗೆ ಅವಳನ್ನು ಎತ್ತಿ ಕೂರಿಸಲು ಬೆನ್ನಿನಲ್ಲಿ ಶಕ್ತಿ ಇಲ್ಲ. ಮಕ್ಕಳಿಲ್ಲದ ಮನೆ.

"ಆಳು ಇಡೋಣ ಅಂದ್ರೆ ಅವಳಿಗೆ ಹೊರಗಿನವರು ಮುಟ್ಟೋದು ಆಗಲ್ಲ. ಮನೆಯವಳು ನೀನಿರುವಾಗ ಆಳು ಯಾಕೆ ಹೇಳು. ನಿನಗೂ ಅಲ್ಲಿ ಯಾರಿದ್ದಾರೆ? ಆ ಕೆಲಸ ಬಿಟ್ಟು ಬಂದ್ಬಿಡು. ಇಲ್ಲೇ ಇರು, ಕೊನೆ ತನಕ," ಎಂದ ಅಣ್ಣ.

ಅವನೂ ಕೆಟ್ಟವನಲ್ಲ. ಕಷ್ಟ ಬಂದಾಗ ತಂಗಿಯನ್ನು ನೆನೆಯುವ ಅಣ್ಣಂದಿರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಸುಖ ಬಂದಾಗ ನೆನೆಯುವವರು ಕಡಿಮೆ. ಈ ತಂಗಿ ಹಿಂದೆ ಅಮ್ಮ ಹಾಸಿಗೆ ಹಿಡಿದಾಗಲೂ ಅದೇ ಮನೆಗೆ ಹೋಗಿ, ಅಮ್ಮನ ಕೊನೆಯ ಉಸಿರಿನ ತನಕ ಅವಳ ಮೈ ಒರೆಸಿ, ಊಟ ಮಾಡಿಸಿ, ವಯಸ್ಸನ್ನೆಲ್ಲ ಅಲ್ಲೇ ಕಳೆದು, ಅದೆಲ್ಲ ಮುಗಿದ ಮೇಲೆ ಈ ಕೆಲಸ ಹುಡುಕಿಕೊಂಡು ಬಂದಿದ್ದಳು. ಅದನ್ನು ಅವನು ನೆನಪಿಸಲಿಲ್ಲ, ಅವಳೂ ನೆನಪಿಸಲಿಲ್ಲ. "ಆಯ್ತಣ್ಣ," ಎಂದಳು. ಆ ಮಾತು ಅವಳ ಬಾಯಿಂದ ಕೆಮ್ಮಿನ ಹಾಗೆ ತಾನಾಗಿ ಬರುತ್ತಿತ್ತು.

ಮಡಿಸುವ ಕೋಣೆಗೆ ವಾಪಸು ಬಂದಾಗ ಮೂಲೆಗೆ ಮೂಲೆ ಕೂಡಲಿಲ್ಲ. ರೇಡಿಯೋ ಮಾತು ನಿಲ್ಲಿಸಿ ಅವಳ ಕೈಗಳನ್ನು ನೋಡಿದಳು.

"ಏನಾಯ್ತಕ್ಕ?"

"ಏನಿಲ್ಲ."

ಆ ರಾತ್ರಿ ಥರ್ಮಾಮೀಟರ್ ಕೂಡ ಏನಿಲ್ಲ ಎಂದಿತು. ಮರುದಿನ ಅವಳು ಸೂಪರ್‌ವೈಸರನ ಮುಂದೆ ನಿಂತು, ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಎಂದು ತಿಳಿಸಿದಳು. ಅವನು ತಲೆ ಎತ್ತದೆ ಹೂಂ ಎಂದ. ಅಲ್ಲಿಂದಾಚೆಗೆ ಅವಳಿಗೆ ಅನ್ನ ಸೇರದಾಯಿತು. ಮಧ್ಯಾಹ್ನ ಡಬ್ಬಿ ತೆರೆದು, ನಾಲ್ಕು ತುತ್ತು ಆಚೆ ಈಚೆ ಸರಿಸಿ, ಮುಚ್ಚಿ ಚೀಲಕ್ಕೆ ಹಾಕುವಳು. ಬೆಳಿಗ್ಗೆ ಏಳುವಾಗ ಮೈ ಭಾರ, ಕಾಲುಗಳು ಇನ್ಯಾರದೋ ಎಂಬಂತೆ. ಅತ್ತಿಗೆಯ ಮುರಿದ ಸೊಂಟದ ಮುಂದೆ ನನ್ನದೇನು ಮಹಾ ಎಂದು ತನಗೆ ತಾನೇ ಗದರಿಕೊಂಡು ಬಸ್ಸು ಹತ್ತುವಳು.

ರೇಡಿಯೋ ಊರ ಉಸಾಬರಿಯವಳಾದರೂ ಕಣ್ಣು ಚುರುಕು. ಒಂದು ದಿನ, ಎರಡು ದಿನ ಡಬ್ಬಿ ನೋಡಿದಳು. ಮೂರನೆಯ ದಿನ ಮಡಿಸುತ್ತಿರುವಾಗ, ಮೂಲೆ ಕೂಡಿಸಲು ಹತ್ತಿರ ಬಂದವಳು ಬಟ್ಟೆಯ ತುದಿ ಬಿಡಲೇ ಇಲ್ಲ.

"ಅಕ್ಕ, ಊಟ ಬಿಟ್ಟು ಎಷ್ಟು ದಿನ ಆಯ್ತು? ನಾನು ಊರಿಗೆಲ್ಲ ಸಾರ್ತೀನಿ ಅನ್ನೋ ಭಯ ಇದ್ರೆ ಹೇಳ್ಬೇಡಿ. ಆದ್ರೆ ಏನಿಲ್ಲ ಅಂತ ಮಾತ್ರ ಇನ್ನೊಂದ್ಸಲ ಅನ್ಬೇಡಿ."

ಒಣಗಿಸುವ ಡ್ರಮ್ಮುಗಳ ಗದ್ದಲದಲ್ಲಿ, ಬಟ್ಟೆಯ ಉದ್ದದಷ್ಟು ದೂರ ನಿಂತರೆ ಕೂಗಬೇಕು. ಮೂಲೆ ಕೂಡಿಸಲು ಹತ್ತಿರ ಬಂದಾಗ ಮಾತ್ರ ಪಿಸುಮಾತು ಕೇಳಿಸುತ್ತದೆ. ಕೊಕ್ಕೆಯಕ್ಕ ದೂರ ಹೋಗಿ ನಿಂತಳು, ಬಟ್ಟೆಯನ್ನು ಬಿಗಿ ಮಾಡಿದಳು, ಹತ್ತಿರ ಬಂದಳು. "ಅತ್ತಿಗೆ ಬಿದ್ದಿದ್ದಾರೆ," ಎಂದಳು. ಮಡಿಸಿ ದೂರ ಹೋದಳು. ಮುಂದಿನ ಬಟ್ಟೆಗೆ, "ಅಣ್ಣ ಬಾ ಅಂತಿದ್ದಾನೆ." ಅದರ ಮುಂದಿನದಕ್ಕೆ, "ಆಯ್ತು ಅಂದ್ಬಿಟ್ಟೆ." ಹೀಗೆ ಒಂದು ಬಟ್ಟೆಗೆ ಒಂದು ಮಾತು. ದೂರದಲ್ಲಿರುವಾಗ ರೇಡಿಯೋಗೆ ಏನೂ ಕೇಳಲು ಆಗುವುದಿಲ್ಲ, ನಡುವೆ ಬಾಯಿ ಹಾಕಲು ಆಗುವುದಿಲ್ಲ, ಸುಮ್ಮನೆ ಬಟ್ಟೆ ಹಿಡಿದು ಕಾಯಬೇಕು. ಬಹುಶಃ ಅದಕ್ಕೇ ಹೇಳಲು ಸಾಧ್ಯವಾಯಿತು. ಅಮ್ಮನ ಹಾಸಿಗೆಯ ವಿಷಯ ಬಂತು, ಅದಕ್ಕೆ ಬಹಳ ಬಟ್ಟೆ ಹಿಡಿಯಿತು. ಟ್ರಾಲಿ ತುಂಬುವ ಹೊತ್ತಿಗೆ ಅವಳು ಜೀವಮಾನದಲ್ಲಿ ಒಬ್ಬರಿಗೂ ಹೇಳದಷ್ಟನ್ನು ಹೇಳಿ, ಹೆದರಿಕೊಂಡು ನಿಂತಿದ್ದಳು.

"ಈಗ ನೀನೇ ಹೇಳು. ಏನ್ ಮಾಡ್ಲಿ?" ಎಂದಳು.

ಎಲ್ಲರ ಸಂಸಾರದ ಬಗ್ಗೆಯೂ ತೀರ್ಪು ಕೊಡುವವಳು ರೇಡಿಯೋ. ಈಗ ಬಟ್ಟೆಯ ಅಂಚನ್ನು ಬೆರಳಿನಿಂದ ತೀಡುತ್ತ ನಿಂತಳು.

"ನಿಮಗೆ ಹೇಗನ್ಸುತ್ತೆ ಅಕ್ಕ?"

"ನನಗೆ ಅನ್ಸೋದನ್ನ ಬಿಡು. ಏನು ಮಾಡಿದ್ರೆ ಸರಿ, ಅದನ್ನ ಹೇಳು."

"ಅದನ್ನ ಬಿಟ್ಟು ಹೇಗೆ ಹೇಳ್ಲಿ? ಹೋಗಿ ಅಂದ್ರೆ ಹೋಗ್ತೀರಿ. ಬೇಡ ಅಂದ್ರೆ ಬಿಡ್ತೀರಿ. ಆಗ ನಿಮ್ಮಣ್ಣನ ಬದಲು ನಾನು ಹೇಳಿದ ಹಾಗಾಯ್ತು, ಅಷ್ಟೇ ತಾನೇ?"

ಕೊಕ್ಕೆಯಕ್ಕನಿಗೆ ಸಿಟ್ಟು ನೆತ್ತಿಗೇರಿತು. ಬಾಯಿ ಬಿಡಿಸಿ ಎಲ್ಲವನ್ನೂ ಹೇಳಿಸಿಕೊಂಡು, ಕೊನೆಗೆ ಕೈ ಕೊಡವಿದಳಲ್ಲ ಎಂದುಕೊಂಡಳು. ಅವತ್ತು ಉಳಿದ ಬಟ್ಟೆಯನ್ನೆಲ್ಲ ಮಾತಿಲ್ಲದೆ ಮಡಿಸಿದರು. ಮರುದಿನವೂ ಹಾಗೆಯೇ. ಆದರೆ ಆ ಪ್ರಶ್ನೆ ಬಸ್ಸಿನಲ್ಲಿ ಅವಳ ಪಕ್ಕ ಕೂತುಕೊಂಡು ಬಂತು, ಮೆಟ್ಟಿಲು ಹತ್ತಿ ಕೋಣೆಗೂ ಬಂತು. ಹೇಗನ್ಸುತ್ತೆ? ಅವಳು ಹುಡುಕಿ ನೋಡಿದಳು. ಅಣ್ಣನ ಬೆನ್ನು ನೋವು ಸಿಕ್ಕಿತು, ಅತ್ತಿಗೆಯ ನರಳಾಟ ಸಿಕ್ಕಿತು, ಇದ್ದಿದ್ದರೆ ಅಮ್ಮ ಏನನ್ನುತ್ತಿದ್ದಳು ಎಂಬುದೂ ಸಿಕ್ಕಿತು. ತನ್ನದು ಎಂಬುದು ಕೈಗೆ ಸಿಗಲಿಲ್ಲ. ಥರ್ಮಾಮೀಟರ್ ಎತ್ತಿಕೊಂಡಳು, ಬಾಯಿಗಿಡದೆ ವಾಪಸು ಇಟ್ಟಳು.

ಕೊನೆಯ ದಿನ ಬಂತು. ಆ ಲಾಂಡ್ರಿಯಲ್ಲಿ ಒಂದು ರೂಢಿ ಇದೆ, ಯಾರು ಶುರು ಮಾಡಿದರೋ ಯಾರಿಗೂ ಗೊತ್ತಿಲ್ಲ. ಯಾರಾದರೂ ಕೆಲಸ ಬಿಟ್ಟು ಹೋಗುವಾಗ ಅವರ ಏಪ್ರನ್ನನ್ನು ಉಳಿದವರು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೈಗೆ ಕೊಡುತ್ತಾರೆ. ವರ್ಷಗಟ್ಟಲೆ ಊರವರ ಬಟ್ಟೆ ಒಗೆದವರಿಗೆ, ಅವರ ಒಂದು ಬಟ್ಟೆಯನ್ನಾದರೂ ಬೇರೆಯವರು ಒಗೆದು ಕೊಡಲಿ ಎಂಬ ಲೆಕ್ಕವಿರಬೇಕು. ಸಂಜೆ ಯಂತ್ರಗಳು ಒಂದೊಂದಾಗಿ ನಿಂತವು. ದೊಡ್ಡಮ್ಮ ತಾನೇ ಉರುಳೆಗೆ ಕೊಟ್ಟ ಏಪ್ರನ್ನನ್ನು ರೇಡಿಯೋ ನಾಲ್ಕು ಮಡಿಕೆ ಮಾಡಿ, ಕೊಕ್ಕೆಯಕ್ಕನ ಕೈಯಲ್ಲಿಟ್ಟಳು. ಕೋಣೆಯವರೆಲ್ಲ ಸುತ್ತ ನಿಂತಿದ್ದರು.

ಏಪ್ರನ್ ಇನ್ನೂ ಬಿಸಿಯಾಗಿತ್ತು. ಅವಳು ಥ್ಯಾಂಕ್ಸ್ ಎನ್ನಬೇಕು ಎಂದು ಬಾಯಿ ತೆರೆದಳು. ಮಾತಿನ ಬದಲು ಗಂಟಲಿನಿಂದ ಏನೋ ಒಂದು ಸದ್ದು ಬಂತು. ಮೊದಲು ಅವಳಿಗೆ ಇದೇನೆಂದೇ ತಿಳಿಯಲಿಲ್ಲ. ಅಭ್ಯಾಸದಂತೆ ಎದುರಿನವರ ಮುಖ ನೋಡಿದಳು. ಅಲ್ಲಿ ಯಾರ ಬಾಯಿಂದಲೂ ಅಂಥ ಸದ್ದು ಬರುತ್ತಿರಲಿಲ್ಲ. ಯಾರಿಗೂ ಇಲ್ಲದ್ದು ಅವಳಿಗೊಬ್ಬಳಿಗೇ ಆಗುತ್ತಿತ್ತು, ಆದರೂ ಆಗುತ್ತಿತ್ತು.

"ಇದನ್ನ ತಗೊಂಡು ಏನ್ ಮಾಡ್ಲಿ?" ಎಂದಳು.

"ಮನೇಲಿ ಅಡುಗೆ ಮಾಡುವಾಗ ಕಟ್ಕೊ," ಎಂದಳು ದೊಡ್ಡಮ್ಮ.

"ನನಗೆ ಹೋಗೋಕೆ ಮನಸ್ಸಿಲ್ಲ."

ಅದು ಎಷ್ಟು ಮೆಲ್ಲಗೆ ಬಂತೆಂದರೆ, ಯಂತ್ರ ಓಡುತ್ತಿದ್ದರೆ ಯಾರಿಗೂ ಕೇಳಿಸುತ್ತಿರಲಿಲ್ಲ. "ಮನಸ್ಸಿಲ್ಲ," ಎಂದು ಮತ್ತೆ ಹೇಳಿದಳು, ಏಪ್ರನ್ನನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಗಂಜಿ ಹಾಕಿದ ಬಟ್ಟೆ, ಕಣ್ಣೀರು ಹೀರಲಿಲ್ಲ, ಗಲ್ಲದ ಮೇಲೆಲ್ಲ ಇಳಿಯಿತು. ದೊಡ್ಡಮ್ಮ ತನ್ನ ಸೆರಗಿನಿಂದಲೇ ಒರೆಸಿದಳು.

"ಇಷ್ಟು ಹೇಳೋಕೆ ನನ್ ಕೈಲಿ ಇಸ್ತ್ರಿ ಮಾಡಿಸ್ಬೇಕಿತ್ತಾ ತಾಯಿ? ಮೊದಲೇ ಹೇಳಿದ್ರೆ ಗಂಜಿಯಾದ್ರೂ ಉಳೀತಿತ್ತು."

ಯಾರೋ ನಕ್ಕರು. ಅಳುತ್ತಿದ್ದವಳಿಗೂ ನಗು ಬಂದು ಮೂಗು ಸೋರಿತು. ಅದೇ ಗಡಿಬಿಡಿಯಲ್ಲಿ ಇನ್ನೊಬ್ಬಳು, "ಅಲ್ಲ ಅಕ್ಕ, ಇಷ್ಟು ವರ್ಷ ನೀವು ಆ ಕೊಕ್ಕೆ ಬಿಟ್ಟು ಯಾಕೆ ಬರ್ಲಿಲ್ಲ ನಮ್ ಹತ್ರ?" ಎಂದು ಕೇಳಿಬಿಟ್ಟಳು. "ನೀವು ಕರೀಲಿಲ್ಲ," ಎಂದಳು ಕೊಕ್ಕೆಯಕ್ಕ. ಎಲ್ಲರೂ ತಂತಮ್ಮ ಕೈ ನೋಡಿಕೊಂಡರು. ಸೂಪರ್‌ವೈಸರ್ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಬೇರೆಯವರು ಇನ್ನೂ ಸಿಕ್ಕಿಲ್ಲ. ಸೋಮವಾರ ಬರ್ತೀರೋ ಇಲ್ವೋ ಗಟ್ಟಿಯಾಗಿ ಹೇಳಿ, ಸಾಕು," ಎಂದು ಗೊಣಗಿ ಹೋದ.

ಗಟ್ಟಿಯಾಗಿ ಹೇಳಬೇಕಾದದ್ದು ಇವನಿಗಲ್ಲ ಎಂದು ಅವಳಿಗೆ ಗೊತ್ತಿತ್ತು. ಎಲ್ಲರೂ ಹೊರಟ ಮೇಲೆ ಗೇಟಿನ ಹತ್ತಿರ ರೇಡಿಯೋಳ ತೋಳು ಹಿಡಿದಳು.

"ನಾಳೆ ನನ್ ಕೋಣೆಗೆ ಬರ್ತೀಯಾ? ಅಣ್ಣನಿಗೆ ಫೋನ್ ಮಾಡ್ಬೇಕು. ಒಬ್ಬಳೇ ಇದ್ರೆ ಮತ್ತೆ ಆಯ್ತು ಅಂದ್ಬಿಡ್ತೀನಿ. ನೀನು ಏನೂ ಹೇಳ್ಬೇಡ. ಸುಮ್ನೆ ಕೂತಿರು."

"ಸುಮ್ನೆ ಕೂರೋದಾ? ನಾನಾ?" ಎಂದಳು ರೇಡಿಯೋ. ಆಮೇಲೆ, "ಬರ್ತೀನಿ," ಎಂದಳು.

ಭಾನುವಾರ ಮಧ್ಯಾಹ್ನ ರೇಡಿಯೋ ಬಂದಳು. ಆ ಕೋಣೆಗೆ ಇಷ್ಟು ವರ್ಷಗಳಲ್ಲಿ ಬಂದ ಮೊದಲ ಅತಿಥಿ ಅವಳು. ಕೂರಿಸಲು ಕುರ್ಚಿ ಇರಲಿಲ್ಲ, ಮಂಚದ ಮೇಲೆ ಕೂರಿಸಿದಳು. ಫೋನ್ ಹಚ್ಚಿದಳು. ಅಣ್ಣ ಎತ್ತಿದವನೇ, ಯಾವ ಬಸ್ಸಿಗೆ ಬರುತ್ತೀಯ ಎಂದು ಕೇಳಿದ.

"ಅಣ್ಣ, ನಾನು ಬರಲ್ಲ."

"ಯಾಕೆ, ಏನಾಯ್ತು? ಹುಷಾರಿಲ್ವಾ?"

ಎಷ್ಟು ಸುಲಭದ ದಾರಿ. ಹುಷಾರಿಲ್ಲ ಎಂದರೆ ಸಾಕು, ಅಣ್ಣ ಒಪ್ಪುತ್ತಾನೆ, ತಾನು ಒಳ್ಳೆಯವಳಾಗಿ ಉಳಿಯುತ್ತಾಳೆ. ರೇಡಿಯೋ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು, ಪಾಪ, ಕಣ್ಣು ಮಾತ್ರ ಇವಳ ಮೇಲೆ.

"ಹುಷಾರಾಗಿದ್ದೀನಿ. ನನಗೆ ಮನಸ್ಸಿಲ್ಲ. ಅಮ್ಮನ್ನ ನೋಡ್ಕೊಂಡೆ, ಇನ್ನೊಂದ್ಸಲ ನನ್ ಕೈಲಾಗಲ್ಲ. ಅತ್ತಿಗೆಯನ್ನ ನೋಡ್ಕೊಳ್ಳೋಕೆ ಯಾರನ್ನಾದ್ರೂ ಹುಡುಕೋಣ. ನಾನೂ ಹುಡುಕ್ತೀನಿ. ರಜೆ ಇದ್ದಾಗ ಬಂದು ಹೋಗ್ತೀನಿ. ಇರೋಕೆ ಬರಲ್ಲ."

"ನೀನು ಹೀಗಿರಲಿಲ್ಲ," ಎಂದ ಅಣ್ಣ. ಸಿಟ್ಟಿಲ್ಲ, ಸೋತ ದನಿ. ಸಿಟ್ಟಾದರೂ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಫೋನ್ ಇಟ್ಟ.

ಮನಸ್ಸಿನಲ್ಲಿರುವುದನ್ನು ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎಂದು ಅವಳು ಎಲ್ಲೋ ಕೇಳಿದ್ದಳು. ಹಗುರಾಗಲಿಲ್ಲ. ಅಣ್ಣನ ಬೆನ್ನು ಕಣ್ಣ ಮುಂದೆ ಬಂತು, ಅತ್ತಿಗೆಯನ್ನು ಎತ್ತಲು ಬಗ್ಗಿದ ಬೆನ್ನು.

"ತಪ್ಪು ಮಾಡಿದ್ನಾ?" ಎಂದು ಕೇಳಿದಳು.

ರೇಡಿಯೋ ಬಾಯಿಂದ ಕೈ ತೆಗೆದಳು. "ಗೊತ್ತಿಲ್ಲಕ್ಕ," ಎಂದಳು.

ಆ ಉತ್ತರಕ್ಕೆ ಈ ಸಲ ಸಿಟ್ಟು ಬರಲಿಲ್ಲ. ಕೊಕ್ಕೆಯಕ್ಕ ಮಂಚದ ಇನ್ನೊಂದು ತುದಿಯಲ್ಲಿ ಕೂತಳು. ಕಿಟಕಿಯಾಚೆ ಬೀದಿಯಲ್ಲಿ ಯಾರೋ ಗಾಡಿ ಶುರು ಮಾಡಲು ಒದ್ದಾಡುತ್ತಿದ್ದರು.

"ಅವನನ್ನ ನೆನೆದ್ರೆ ಪಾಪ ಅನ್ಸುತ್ತೆ," ಎಂದಳು ಆಮೇಲೆ. "ಆದ್ರೂ ಹೋಗಲ್ಲ. ಎರಡೂ ನಿಜ." ಕಾಲುಗಳನ್ನು ಮಂಚದ ಮೇಲೆ ಎತ್ತಿಕೊಂಡು, "ನನಗೆ ತುಂಬ ಸುಸ್ತಾಗಿದೆ ಕಣೇ. ಅಮ್ಮ ಹೋದಾಗಿಂದ ಸುಸ್ತಾಗಿದೆ."

"ಮಲ್ಕೊಳ್ಳಿ," ಎಂದು ರೇಡಿಯೋ ಎದ್ದು ಜಾಗ ಬಿಟ್ಟಳು. ಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲ ಹತ್ತಿರ ಹೋಗಿ ನಿಂತಳು. "ನಾನು ಹೊರಡ್ಲಾ, ಇರ್ಲಾ?"

ನಿನ್ನಿಷ್ಟ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳಿಗೂ ಮನೆ ಇದೆ, ಅತ್ತೆ ಕಾಯುತ್ತಿರುತ್ತಾಳೆ, ಭಾನುವಾರ ಬೇರೆ. ಕೊಕ್ಕೆಯಕ್ಕ ಅದನ್ನೆಲ್ಲ ಒಂದು ಕ್ಷಣ ಪಕ್ಕಕ್ಕೆ ಸರಿಸಿ, ತನಗೇನು ಬೇಕು ಎಂದು ನೋಡಿಕೊಂಡಳು. ಈ ಸಲ ಹುಡುಕಬೇಕಾಗಲಿಲ್ಲ.

"ಇರು," ಎಂದಳು.

ರೇಡಿಯೋ ಚೀಲ ಇಳಿಸಿ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಕೊಕ್ಕೆಯಕ್ಕ ಅವಳತ್ತ ಮುಖ ಮಾಡಿ ಮಲಗಿದಳು, ಬೇಗನೆ ನಿದ್ದೆ ಹತ್ತಿತು.